ಮುಚ್ಚಳದ ಮೇಲಿನ ಬಣ್ಣ

ಮೆರೂನ್ ಬಣ್ಣದ ಕಾರಾದರೆ ಪಾಲಿಶ್ ಮಾಡುವ ಮಮತಕ್ಕ ಮಾರನೆಯ ದಿನವೇ ಬರುತ್ತಾರೆ, ಬೇರೆ ಬಣ್ಣದ್ದಾದರೆ ಹದಿನೈದು ದಿನ ಕಾಯಬೇಕು. ದೇವನಹಳ್ಳಿಯ ನಮ್ಮ ಬಡಾವಣೆಯಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಏನೋ ಹರಕೆ ಇರಬೇಕು ಎಂದು ಪಕ್ಕದ ಮನೆಯವರು ನಕ್ಕಿದ್ದರು.

ನಮ್ಮದು ಮೆರೂನ್. ಮೂರು ವರ್ಷದ ಹಿಂದೆ ಮಗಳು ಹುಟ್ಟಿದಾಗ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದು. ನನ್ನ ಗಂಡ ರವಿಶಂಕರ್‌ಗೆ ತ್ಯಾಮಗೊಂಡ್ಲುವಿನಲ್ಲಿರುವ ತಮ್ಮ ದೊಡ್ಡಪ್ಪ ನರಸಿಂಹಯ್ಯನವರ ಕಾರಿನ ಮೇಲೆ ಮೊದಲಿನಿಂದಲೂ ಕಣ್ಣು. ಅದೇ ಕಂಪನಿ, ಅದೇ ವರ್ಷ, ಅದೇ ಬಣ್ಣದ್ದನ್ನು ಹುಡುಕಿ ತಂದರು. ತಂದ ಮೇಲೆ ದಿನಾ ಬೆಳಿಗ್ಗೆ ಹಳೆ ಲುಂಗಿಯಿಂದ ಧೂಳು ಒರೆಸಿ ಒರೆಸಿ ಬಾನೆಟ್ಟಿನ ತುಂಬ ಜೇಡರ ಬಲೆಯಂಥ ಗೀರು ಎಬ್ಬಿಸಿದ್ದರು.

ಮಮತಕ್ಕ ಸ್ಕೂಟರಿನಲ್ಲಿ ಬಂದರು. ನಲವತ್ತರ ಹತ್ತಿರದ ಹೆಂಗಸು, ಚೂಡಿದಾರದ ಮೇಲೆ ಗಂಡಸರ ಶರ್ಟು, ಒಂದು ಬಳೆಯೂ ಇಲ್ಲ. ಬಳೆ ತಾಗಿದರೆ ಗೀರು ಬೀಳುತ್ತದಂತೆ. ಚೀಲದಿಂದ ಪಾಲಿಶ್ ಮಷೀನು, ಸ್ಪಂಜಿನ ಬಿಲ್ಲೆಗಳು, ಬಾಟಲಿಗಳು ಹೊರಬಂದವು. ಪಾಪು ವೈರು ಎಳೆದರೆ? ಆ ಬಾಟಲಿ ಬಾಯಿಗಿಟ್ಟುಕೊಂಡರೆ? ಧೂಳಿಗೆ ಕೆಮ್ಮು ಬಂದರೆ? ಮಗುವನ್ನು ಸೊಂಟದ ಮೇಲೇ ಇಟ್ಟುಕೊಂಡು ನಿಂತೆ.

ಅತ್ತೆ ನಾಗಲಕ್ಷ್ಮಮ್ಮ ಹೊಸ್ತಿಲ ಮೇಲೆ ಅವರೆಕಾಯಿ ಬಿಡಿಸುತ್ತ ಕೂತಿದ್ದರು. "ಮನುಷ್ರಿಗೇ ಮುಖ ತೊಳ್ಯಕ್ಕೆ ಪುರ್ಸೊತ್ತಿಲ್ಲ, ಕಾರಿಗೆ ಫೇಶಿಯಲ್ಲಂತೆ!"

"ಬನ್ನಿ ಅಮ್ಮ, ಮಿಕ್ಕಿದ್ರೆ ನಿಮ್ಗೂ ಒಂದ್ ಕೋಟ್ ಹಾಕ್ತೀನಿ. ಎರಡು ವರ್ಷ ಹೊಳೀತೀರ."

"ಅಯ್ಯೋ ನಿನ್ ಬಾಯಿಗಿಷ್ಟು! ಈ ವಯಸ್ನಲ್ಲಿ ಹೊಳ್ದು ಯಾರಿಗ್ ತೋರಿಸ್ಲಿ?" ಅತ್ತೆ ನಗುತ್ತ ಕಾಳು ಎತ್ತಿಕೊಂಡು ಒಳಗೆ ಹೋದರು.

ಮಮತಕ್ಕ ಕಾರು ತೊಳೆದರು. ಜೇಡಿಮಣ್ಣಿನಂಥ ಮೆತ್ತನೆಯ ಉಂಡೆಯೊಂದನ್ನು ನೀರು ಚಿಮುಕಿಸುತ್ತ ಮೈಮೇಲೆಲ್ಲ ಜಾರಿಸಿದರು. ಬಿಳಿಯಾಗಿದ್ದ ಉಂಡೆ ಕಂದಾಯಿತು. ಶೆಡ್ಡಿನ ಷಟರನ್ನು ಅರ್ಧ ಎಳೆದು, ಕೈಯಲ್ಲಿ ಹಿಡಿಯುವ ದೀಪ ಹಚ್ಚಿದರು. ಆಮೇಲೆ ಮಾಡಿದ್ದು ಪಾಲಿಶಿಗೆ ಸಂಬಂಧಪಟ್ಟ ಕೆಲಸದಂತೆ ಕಾಣಲಿಲ್ಲ. ಬೆಂಕಿಪೊಟ್ಟಣದಷ್ಟು ದೊಡ್ಡ ಮೀಟರೊಂದನ್ನು ಎಡಗಡೆ ಮುಂದಿನ ಚಕ್ರದ ಮೇಲಿನ ತಗಡಿಗೆ ಒತ್ತಿದರು, ನೋಡಿದರು, ಒಂದು ಬೆರಳು ಆಚೆ ಒತ್ತಿದರು, ಮತ್ತೆ ನೋಡಿದರು. ಹೀಗೇ ಇಪ್ಪತ್ತು ಸಲ.

"ಅದೇನು?"

"ಬಣ್ಣ ಎಷ್ಟು ದಪ್ಪ ಇದೆ ಅಂತ ತೋರ್ಸುತ್ತೆ. ತೆಳ್ಳಗಿದ್ರೆ ಹೆಚ್ಚು ಉಜ್ಜಂಗಿಲ್ಲ. ಆಮೇಲೆ ಬಣ್ಣ ಹೊಡ್ಸಿದ್ರೆ ಅದೂ ಗೊತ್ತಾಗ್ಬಿಡುತ್ತೆ, ಎರಡರಷ್ಟು ತೋರ್ಸುತ್ತೆ."

ಹೇಳುತ್ತಲೇ ಚೀಲದ ತಳದಿಂದ ಟವೆಲಿನಲ್ಲಿ ಸುತ್ತಿದ್ದ ಏನನ್ನೋ ತೆಗೆದರು. ಹಾಲಿನ ಕ್ಯಾನಿನ ಮುಚ್ಚಳ. ಅಲ್ಯೂಮಿನಿಯಂನದು, ಒಂದು ಬದಿ ನಜ್ಜುಗುಜ್ಜಾಗಿತ್ತು. ಆ ನಜ್ಜಿನ ಮೇಲೆ ಕಿರುಬೆರಳುದ್ದದ ಮೆರೂನ್ ಗೆರೆ. ಅದನ್ನು ನಮ್ಮ ಕಾರಿನ ಬಾಗಿಲ ಪಕ್ಕಕ್ಕೆ ಹಿಡಿದು ದೀಪ ಹತ್ತಿರ ತಂದರು. ಎರಡು ಬಣ್ಣದೊಳಗೂ ಒಂದೇ ಬಗೆಯ ಕೆಂಪು ಕಣಗಳು ಮಿಣುಕಿದವು.

ನನಗೆ ಅರ್ಥವಾಗಲಿಲ್ಲ. ಆದರೆ ಮಗುವನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡೆ.

"ನಮ್ಮಮ್ಮನ್ದು," ಎಂದರು ಅವರು.

ಹೊಸಕೋಟೆ ಹತ್ತಿರ, ಪಿಲ್ಲಗುಂಪೆಯ ಪಕ್ಕದ ಹಳ್ಳಿ ಅವರದು. ಅಪ್ಪ ಬೇಗ ಹೋದರು. ತಾಯಿ ಬೈರಮ್ಮ ಎರಡು ಹಸು ಕಟ್ಟಿ ಮಗಳನ್ನು ಓದಿಸಿದರು. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಮಮತಕ್ಕ ಗಾಡಿಗಳ ಬಿಡಿಭಾಗಕ್ಕೆ ಬಣ್ಣ ಹೊಡೆಯುವ ಕಾರ್ಖಾನೆಗೆ ಸೇರಿದರು. ಹದಿನೇಳು ವರ್ಷ ಟ್ಯೂಬ್‌ಲೈಟುಗಳ ಕೆಳಗೆ ನಿಂತು, ಸಾಲಾಗಿ ಬರುವ ತಗಡುಗಳಲ್ಲಿ ಕೂದಲೆಳೆಯಷ್ಟು ಲೋಪವನ್ನೂ ಹುಡುಕಿ ಗುರುತು ಹಾಕುವುದೇ ಕೆಲಸ. ಅವರ ಕಣ್ಣಿಗೆ ತಪ್ಪಿಸಿಕೊಂಡ ಬಣ್ಣವಿಲ್ಲ ಎಂದು ಅಲ್ಲಿನವರು ಹೇಳುತ್ತಿದ್ದರಂತೆ.

"ಬೆಳಿಗ್ಗೆ ಡೈರಿಗೆ ಹಾಲ್ ಹಾಕಕ್ಕೆ ಹೋಗಿದ್ಳು. ಹೊಸಕೋಟೆ ರೋಡು. ಯಾವ್ದೋ ಕಾರು ಗುದ್ಬಿಟ್ಟು ನಿಲ್ಲಿಸ್ದೇನೇ ಹೋಯ್ತು. ಮಂಜಿತ್ತು, ಯಾರೂ ನೋಡಿಲ್ಲ. ಹಾಲೆಲ್ಲ ರೋಡಲ್ಲಿ ಹರ್ದು... ನಾನು ಹೋಗೋ ಹೊತ್ಗೆ ನಾಯಿ ನೆಕ್ತಾ ಇದ್ವು." ಅವರು ಮುಚ್ಚಳವನ್ನು ಟವೆಲಿನ ತುದಿಯಿಂದ ಮೆಲ್ಲಗೆ ಒತ್ತಿದರು. "ಪೊಲೀಸ್ನೋರು ಬಂದು ನೋಡ್ಕೊಂಡ್ ಹೋದ್ರು. ಗಾಡಿ ಸಿಗ್ಲಿಲ್ಲ. ಹನ್ನೊಂದ್ ದಿನದ ಕಾರ್ಯ ಆದ್ಮೇಲೆ ಮೋರೀಲಿ ಈ ಮುಚ್ಳ ಸಿಕ್ತು ನಂಗೆ. ಬಣ್ಣ ನೋಡಿದ್ ತಕ್ಷಣ ಗೊತ್ತಾಯ್ತು, ಯಾವ್ ಕಂಪ್ನಿದು, ಯಾವ್ ವರ್ಷದ್ದು ಅಂತ."

ಆ ತಿಂಗಳೇ ಕಾರ್ಖಾನೆ ಬಿಟ್ಟು ಮಷೀನು ಕೊಂಡರಂತೆ. ಜನ ಕಾರನ್ನು ಮನೆಯೊಳಗೆ ಬಚ್ಚಿಟ್ಟುಕೊಳ್ಳುತ್ತಾರೆ, ಪಾಲಿಶಿನವಳಾದರೆ ಗೇಟು ತೆಗೆದು ಒಳಗೆ ಬಿಡುತ್ತಾರೆ. ಅದು ಅವರ ಲೆಕ್ಕ.

"ನಮ್ಮದು... ಇದು ಸೆಕೆಂಡ್ ಹ್ಯಾಂಡು," ಎಂದೆ. ಇದರಲ್ಲೇ ನಾನು ದಿನಾ ಮಗುವನ್ನು ಕೂರಿಸಿಕೊಂಡು ಹೋಗುವುದು.

"ಹೆದರ್ಕೋಬೇಡಮ್ಮ. ಬಣ್ಣ ಇದೇ, ಗಾಡಿ ಇದಲ್ಲ. ನಿಮ್ಮದರಲ್ಲಿ ಎಲ್ಲಾ ಕಡೆ ಒಂದೇ ದಪ್ಪ ಇದೆ, ಫ್ಯಾಕ್ಟ್ರಿ ಬಣ್ಣ. ಆ ಗಾಡೀಗೆ ಎಡಗಡೆ ಏಟು ಬಿದ್ದಿರ್ಬೇಕು. ರಿಪೇರಿ ಮಾಡ್ಸಿರ್ತಾರೆ, ಇಲ್ಲ ಹಂಗೇ ಬಿಟ್ಟಿರ್ತಾರೆ."

ಆಮೇಲೆ ಕೆಲಸ ಶುರುವಾಯಿತು. ಅಂಚುಗಳಿಗೆಲ್ಲ ಟೇಪು ಅಂಟಿಸಿ, ಸ್ಪಂಜಿನ ಬಿಲ್ಲೆಗೆ ನಾಲ್ಕು ಹನಿ ಪಾಲಿಶ್ ಹಾಕಿ, ಮೊರದಗಲದ ಜಾಗವನ್ನು ಮಾತ್ರ ಹಿಡಿದು ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ಮಷೀನು ಓಡಿಸಿದರು. ಒತ್ತುತ್ತಿರಲಿಲ್ಲ, ಮಗುವಿನ ಬೆನ್ನು ಸವರಿದಂತೆ. ಗೀರುಗಳು ಕರಗಿ, ಬಣ್ಣ ಕೆರೆಯ ನೀರಿನಂತೆ ಆಳವಾಯಿತು. ಸಂಜೆಯ ಹೊತ್ತಿಗೆ ಬಣ್ಣ ಕಾಯುವ ಲೇಪವನ್ನು ಚಿಕ್ಕ ಬಟ್ಟೆಯಿಂದ ಹಚ್ಚಿದರು. ಕೊನೆಯಲ್ಲಿ ಆ ಬಟ್ಟೆಯಲ್ಲಿ ಉಳಿದಿದ್ದನ್ನು ಮುಚ್ಚಳದ ಗೆರೆಯ ಮೇಲೂ ಸವರಿದರು.

ನಾನು ನೋಡುತ್ತಿದ್ದುದು ಅವರಿಗೆ ಗೊತ್ತಾಯಿತು. "ಮುಟ್ಟಿ ಮುಟ್ಟಿ ಸವೀತಾ ಇತ್ತಮ್ಮ. ಇದೊಂದು ಹೋದ್ರೆ ನನ್ಹತ್ರ ಏನೂ ಇಲ್ಲ."

ಅಮ್ಮನ ಪ್ರಾಣ ತೆಗೆದ ಕಾರಿನ ಬಣ್ಣವನ್ನು ಅಷ್ಟು ಜೋಪಾನ ಮಾಡುವ ಕೈಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹೊರಡುವಾಗ ಪ್ರತಿ ಮನೆಯಲ್ಲೂ ಕೇಳುವಂತೆ ಕೇಳಿದರು. "ಇದೇ ಬಣ್ಣದ್ದು ನಿಮ್ಗೆ ಗೊತ್ತಿರೋರ ಹತ್ರ ಇದ್ಯಾ?"

"ಇಲ್ಲ," ಎಂದೆ. ಯೋಚಿಸದೆ ಬಂದ ಉತ್ತರ. ಕೂಡಲೇ ದೊಡ್ಡಪ್ಪನ ಕಾರು ನೆನಪಾಯಿತು. ಅದನ್ನು ಹೇಳುವ ಬದಲಿಗೆ ಕೇಳಿದೆ: "ಯಾವಾಗ ಆಗಿದ್ದು ಮಮತಕ್ಕ?"

"ಐದು ವರ್ಷ ಆಯ್ತು. ತುಳಸಿ ಹಬ್ಬದ ಮಾರನೆ ಬೆಳಿಗ್ಗೆ."

ಆ ವರ್ಷ ತುಳಸಿ ಹಬ್ಬದ ಮಾರನೆಯ ಬೆಳಿಗ್ಗೆಯೇ ಹೊಸಕೋಟೆಯ ಛತ್ರದಲ್ಲಿ ನನ್ನ ಮದುವೆ.

ಸ್ಕೂಟರಿನ ಸದ್ದು ತಿರುವಿನಲ್ಲಿ ಮರೆಯಾಯಿತು. ನಾನು ಮದುವೆಯ ಆಲ್ಬಂ ತೆಗೆದು ಕೂತೆ. ಧಾರೆಯ ಚಿತ್ರಗಳಲ್ಲಿ ದೊಡ್ಡಪ್ಪ ಇಲ್ಲ. ಊಟದ ಪಂಕ್ತಿಯಲ್ಲಿದ್ದಾರೆ, ಎಲೆಯ ಮೇಲೆ ಬಡಿಸಿದ್ದೆಲ್ಲ ಹಾಗೇ ಇದೆ, ಅವರು ನೆಲ ನೋಡುತ್ತಿದ್ದಾರೆ. ತ್ಯಾಮಗೊಂಡ್ಲುವಿನ ಹಿತ್ತಿಲಲ್ಲಿ ಅವರ ಕಾರು ಕವರಿನೊಳಗೆ ನಿಂತಿದೆ. ಆಯುಧಪೂಜೆಯ ದಿನವೂ ಕವರು ತೆಗೆಯುವುದಿಲ್ಲ, ಅದರ ಮೇಲೆಯೇ ಕುಂಕುಮ ಇಟ್ಟು, ಹೂವು ಹಾಕಿ, ಬೂದುಗುಂಬಳ ಒಡೆಯುತ್ತಾರೆ. ಹೋದ ವರ್ಷ ಪಾಪು ಕವರಿನ ತುದಿ ಎಳೆದಾಗ, ಮಕ್ಕಳನ್ನು ಗದರಿಸದ ಮನುಷ್ಯ "ಬಿಡು! ಮುಟ್ಬೇಡ!" ಎಂದು ಕೂಗಿದ್ದರು. ಮಗು ಹೆದರಿ ಅತ್ತಿತ್ತು. ನನಗೆ ಸಿಟ್ಟು ಬಂದಿತ್ತಷ್ಟೆ.

ಅಡುಗೆಮನೆಯಲ್ಲಿ ಅತ್ತೆಯನ್ನು ಕೇಳಿದೆ. "ದೊಡ್ಡಪ್ಪ ಕಾರು ಯಾಕೆ ತೆಗೆಯೋದೇ ಇಲ್ಲ ಅತ್ತೆ?"

"ಕಣ್ಣು ಮಂಜು ಅಂತಾರೆ. ಕಣ್ಣಲ್ಲ, ಮನ್ಸು. ನಿನ್ ಮದ್ವೆಗೆ ಬರ್ತಾ ದಾರೀಲಿ ಅದ್ಯಾವ್ದೋ ನಾಯಿಗೆ ಗುದ್ಬಿಟ್ರಂತೆ. ಅವತ್ತಿಂದ ಸ್ಟೇರಿಂಗ್ ಮುಟ್ಟಿಲ್ಲ." ಅತ್ತೆ ಕಾಳಿನಿಂದ ತಲೆಯೆತ್ತಿದರು. "ಯಾಕೆ ಕೇಳ್ತೀಯ?"

"ಸುಮ್ಮನೆ."

"ಸುಮ್ನೆ ಕೇಳೋ ಮುಖ ಅಲ್ಲ ಇದು. ಶುಭಕಾರ್ಯದ ದಿನದ್ದು, ಕೆದಕ್ಬೇಡ ಕಣೆ. ಪಾಪ, ಸಾಧು ಮನುಷ್ಯ."

ಸಾಧು ಮನುಷ್ಯರೇ. ಮಗಳ ನಾಮಕರಣಕ್ಕೆ ಬೆಳ್ಳಿಯ ಹಾಲುಬಟ್ಟಲು ಕೊಟ್ಟವರು. ನಿಜಕ್ಕೂ ನಾಯಿಯೇ ಇದ್ದಿರಬಹುದು. ಅಲ್ಲದಿದ್ದರೆ ಈ ಮನೆ ಏನಾಗುತ್ತದೆ, ರವಿ ನನ್ನ ಮುಖ ನೋಡುತ್ತಾರೆಯೇ, ಗೊತ್ತಿಲ್ಲ.

ಮೂರು ದಿನ ಕಳೆದವು. ಕಾರು ಕನ್ನಡಿಯಂತಾಗಿತ್ತು. ಪ್ಲೇ ಸ್ಕೂಲಿಗೆ ಕರೆದೊಯ್ಯಲು ಬಾಗಿಲು ತೆಗೆಯುವಾಗಲೆಲ್ಲ ಮೆರೂನ್ ಬಣ್ಣದೊಳಗಿಂದ ನನ್ನದೇ ಮುಖ ನನ್ನನ್ನು ನೋಡುತ್ತಿತ್ತು. ಬೆಳಿಗ್ಗೆ ಹಾಲಿನವನು ಕ್ಯಾನಿನ ಮುಚ್ಚಳ ತೆಗೆದ ಸದ್ದಿಗೆ ಬೆಚ್ಚುತ್ತಿದ್ದೆ. ನಾಲ್ಕನೆಯ ಬೆಳಿಗ್ಗೆ ಪಾಪು ಆ ಬೆಳ್ಳಿ ಬಟ್ಟಲನ್ನು ತಳ್ಳಿತು. ಹಾಲು ನೆಲದ ಮೇಲೆ ಹರಿದು ಬಾಗಿಲ ತನಕ ಹೋಯಿತು. ಒರೆಸಲು ಬಟ್ಟೆ ತಂದವಳು ಒರೆಸಲಾಗದೆ ನಿಂತೆ. ಫೋನು ತೆಗೆದುಕೊಂಡೆ.

"ಮಮತಕ್ಕ, ನಾನು ಸ್ನೇಹ. ಅವತ್ತು ಇಲ್ಲ ಅಂದೆ. ಇದೆ. ಇನ್ನೊಂದು ಕಾರಿದೆ. ನಮ್ಮವರದೇ."

ಆ ಕಡೆ ಎಲ್ಲೋ ಓಡುತ್ತಿದ್ದ ಮಷೀನಿನ ಸದ್ದು ನಿಂತಿತು.

"ಓಡಿಸ್ತಾರಾ?"

"ಇಲ್ಲ. ಐದು ವರ್ಷದಿಂದ ಕವರ್ ಹಾಕಿ ನಿಲ್ಲಿಸಿದ್ದಾರೆ."

"ತೊಳ್ದಿದಾರಾ?"

"ಗೊತ್ತಿಲ್ಲ. ಕವರ್ ತೆಗೆದಿದ್ದನ್ನ ಯಾರೂ ನೋಡಿಲ್ಲ."

"ಹಂಗಾದ್ರೆ ಯಾರಿಗೂ ಏನೂ ಹೇಳ್ಬೇಡಿ," ಎಂದರು ಮಮತಕ್ಕ. ಅವರ ದನಿ ತೀರಾ ಮೆತ್ತಗಾಗಿತ್ತು. "ಧೂಳು ಸಹ ಒರೆಸ್ಬೇಡಿ. ಊರು ಯಾವ್ದು ಹೇಳಿ, ನಾನೇ ಬರ್ತೀನಿ."

ಹೇಳಿದೆ.