ಕಪ್ಪು ಚುಕ್ಕೆ ಅಳಿಯುವ ಹೊತ್ತು

ಬೆಳಕು ಹರಿಯುವ ಮುಂಚೆಯೇ ಪ್ರಯೋಗಾಲಯದ ನೆಲಮಾಳಿಗೆಯಲ್ಲಿ ನಲ್ಲಿ ಸದ್ದು ಮಾಡುತ್ತಿದೆ. ಕೈಗವಸು ತೊಟ್ಟ ಹೆಂಗಸೊಬ್ಬರು ಉಗುರಿಗಿಂತ ತೆಳುವಾದ ಗಾಜಿನ ತುಂಡನ್ನು ಚಿಮಟದಲ್ಲಿ ಹಿಡಿದು ದೀಪಕ್ಕೆ ಒಡ್ಡುತ್ತಾರೆ, ಮೂಗು ಮುರಿಯುತ್ತಾರೆ, ಮತ್ತೆ ತೊಳೆಯುತ್ತಾರೆ. ಇಡೀ ಕಟ್ಟಡಕ್ಕೆ ಇವರು ‘ಗಾಜಕ್ಕ’. ರಸ್ತೆಯಲ್ಲಿ ಲಾರಿಗಳ ಓಡಾಟ ಶುರುವಾದರೆ ಸೂಕ್ಷ್ಮದರ್ಶಕ ನಡುಗುತ್ತದೆ. ಅದಕ್ಕೇ ಇಷ್ಟು ಬೇಗ ಬರುವುದು.

ಇವರ ಕೆಲಸ ಕೇಳಿದರೆ ಹುಬ್ಬೇರುತ್ತದೆ. ನಮ್ಮ ಮೈಯ ಪ್ರತಿ ಜೀವಕೋಶವನ್ನೂ ಕೊಬ್ಬಿನ ಕಣಗಳ ಎರಡು ಪದರದ ಪೊರೆಯೊಂದು ಸುತ್ತಿಕೊಂಡಿದೆ. ನುಂಗಿದ ಔಷಧ ಕೋಶದೊಳಗೆ ಹೋಗಬೇಕಾದರೂ ಅದನ್ನೇ ದಾಟಬೇಕು. ಅಂಥದೇ ಪೊರೆಯನ್ನು ಗಾಜಕ್ಕ ಗಾಜಿನ ಮೇಲೆ ಹಾಸುತ್ತಾರೆ. ನೀರಿಗೆ ಬಿದ್ದ ಕೊಬ್ಬಿನ ಕಣಗಳು ಕಣ್ಣಿಗೆ ಕಾಣದ ಗುಳ್ಳೆಗಳಾಗುತ್ತವೆ. ಗುಳ್ಳೆಗಳು ಗಾಜಿನ ಮೇಲೆ ಕೂತು, ಒಡೆದು, ಒಂದಕ್ಕೊಂದು ಬೆಸೆದುಕೊಂಡರೆ ಪೊರೆ ಸಿದ್ಧ. ಅದರೊಳಗೆ ಕಣಗಳು ಕಿಕ್ಕಿರಿದ ಬಸ್ಸಿನಲ್ಲಿ ಜನ ಜಾಗ ಬದಲಿಸುವ ಹಾಗೆ ಸದಾ ಸರಿದಾಡುತ್ತವೆ. ಎಷ್ಟು ಬೇಗ ಸರಿಯುತ್ತವೆ ಎಂದು ಅಳೆಯುವುದು ವಿಜ್ಞಾನಿ ಮೇಡಂ ಕೆಲಸ.

ಗಾಜಕ್ಕ ಮೊದಲು ಕನ್ನಡಕದ ಅಂಗಡಿಯಲ್ಲಿ ಮಸೂರ ಉಜ್ಜುತ್ತಿದ್ದರು. ಅಂಗಡಿ ಮುಚ್ಚಿತು. ಇಲ್ಲಿಗೆ ಬಾಟಲಿ ತೊಳೆಯಲು ಬಂದವರ ಕೈಗೆ ಮೇಡಂ ಒಂದು ದಿನ ಗಾಜು ಕೊಟ್ಟು ನೋಡಿದರು. ಆಸಿಡ್ ವಾಸನೆ, ಬಿರುಕು ಬಿಟ್ಟ ಬೆರಳು, ಸೊಂಟನೋವು ಜೊತೆಗೇ ಬಂದವು. ಗಾಜಿನಲ್ಲಿ ಚೂರು ಜಿಡ್ಡಿದ್ದರೂ ಪೊರೆ ಕೂರದು; ರಾಶಿ ಗಾಜು ತೊಳೆದರೆ ಬೆರಳೆಣಿಕೆಯಷ್ಟು ಪೊರೆ ಒಪ್ಪವಾಗುತ್ತವೆ.

“ನಮ್ಮ ಸೊಸೆ ಗುಳ್ಳೆ ಕಾಯೋಕೆ ಹೋಗ್ತಾಳೆ ಅಂತ ನಮ್ಮತ್ತೆ ಬೀದಿಗೆಲ್ಲ ಹೇಳ್ಕೊಂಡು ಬರ್ತಾರೆ,” ಎಂದು ನಗುತ್ತಾರೆ.

ಇವತ್ತು ಆ ನಗು ತುಟಿ ದಾಟುತ್ತಿಲ್ಲ. ಹೊಸ ಬಗೆಯ ಕೊಬ್ಬು ಬಂದಾಗಿನಿಂದ ಕಣಗಳು ಜಪ್ಪಯ್ಯ ಅಂದರೂ ಕದಲುತ್ತಿಲ್ಲ. ಇಂದೂ ಕೈಕೊಟ್ಟರೆ ಹೊರಗಿನಿಂದ ಸಿದ್ಧ ಪೊರೆ ತರಿಸುವುದೆಂದು ತೀರ್ಮಾನವಾಗಿದೆ. ಗಾಜಕ್ಕ ಮತ್ತೆ ಬಾಟಲಿಗೆ. “ಸಂಬಳ ಅದೇ ಇರುತ್ತೆ. ಆದ್ರೆ ಹೊಟ್ಟೆ ಉರಿಯುತ್ತೆ, ಅಲ್ವಾ?” ಎನ್ನುತ್ತಾರೆ.

ಎಡವಟ್ಟು ಗೊತ್ತಾದದ್ದು ನಿನ್ನೆ, ಚಹಾ ಕುಡಿಯುವಾಗ. “ಪೊರೆ ಹಾಸೋಕೆ ನೀರು ಎಲ್ಲಿಂದ ತಗೋತೀರಿ?” ಎಂದು ಮೇಡಂ ಕೇಳಿದರು. “ಫ್ರಿಜ್ಜಿಂದ. ಹೊರಗಿಟ್ರೆ ಕೆಟ್ಟೋಗುತ್ತೆ ಅಂತ,” ಎಂದರು ಇವರು. ಇಬ್ಬರೂ ಮುಖ ಮುಖ ನೋಡಿಕೊಂಡರಂತೆ. ಈ ಹೊಸ ಕೊಬ್ಬು ತಣ್ಣೀರಿನಲ್ಲಿ ಬೆಣ್ಣೆಯ ಹಾಗೆ ಗಟ್ಟಿಯಾಗುತ್ತದೆ. ಗುಳ್ಳೆಗಳು ಒಡೆಯದೆ, ತಂತಮ್ಮ ಕಣಗಳನ್ನು ಬಿಟ್ಟುಕೊಡದೆ, ಗಾಜಿನ ಮೇಲೆ ಸುಮ್ಮನೆ ಕೂತಿದ್ದವು. ಅತಿ ಕಾಳಜಿಯೇ ಮುಳುವಾಗಿತ್ತು.

ಬೆಚ್ಚಗಿನ ನೀರಿನಲ್ಲಿ ಹಾಸಿದ ಪೊರೆ ಈಗ ಸೂಕ್ಷ್ಮದರ್ಶಕದ ಕೆಳಗಿದೆ. ಕಣಗಳಿಗೆ ಹೊಳೆಯುವ ಬಣ್ಣ ಬೆರೆಸಿರುವುದರಿಂದ ಪರದೆಯೆಲ್ಲ ಹಸಿರು. ಮೇಡಂ ಲೇಸರ್ ಹಾಯಿಸಿ ನಡುವಿನ ಬಣ್ಣವನ್ನಷ್ಟೇ ಸುಡುತ್ತಾರೆ. ಕಪ್ಪು ಚುಕ್ಕೆ ಬೀಳುತ್ತದೆ. ಕಣಗಳು ಸರಿದಾಡುತ್ತಿದ್ದರೆ ಸುತ್ತಲಿನ ಹಸಿರು ಒಳಗೆ ನುಗ್ಗಿ ಚುಕ್ಕೆ ಅಳಿಯಬೇಕು. ಮೂವರೂ ಪರದೆಯ ಹತ್ತಿರಕ್ಕೆ ಬಾಗುತ್ತೇವೆ. ಇವರ ಬಗ್ಗೆ ಬರೆಯಲು ಬಂದ ನಾನು ಪೆನ್ನು ಕೆಳಗಿಡುತ್ತೇನೆ.

ಚುಕ್ಕೆಯ ಅಂಚು ಮಸುಕಾಗುತ್ತದೆ. ಹಸಿರು ಒಳಗೆ ಬರುತ್ತಿದೆ, ನಿಜವಾಗಿಯೂ ಬರುತ್ತಿದೆ. “ಬಂತು ನೋಡಿ, ಬಂತು,” ಎನ್ನುತ್ತಾರೆ ಮೇಡಂ. ನೋಡನೋಡುತ್ತಲೇ ಚುಕ್ಕೆ ಎಲ್ಲಿತ್ತೆಂಬುದೇ ತಿಳಿಯದಂತಾಗುತ್ತದೆ. ನನಗೆ ಕುಣಿಯಬೇಕೆನಿಸುತ್ತದೆ. ಗಾಜಕ್ಕ ಮಾತ್ರ ಕುರ್ಚಿ ಎಳೆದುಕೊಂಡು, “ಇನ್ನೊಂದ್ಸಲ ಸುಡಿ ಮೇಡಂ,” ಎನ್ನುತ್ತಾರೆ.

ಎರಡನೆಯ ಚುಕ್ಕೆಯೂ ಅಳಿದ ಮೇಲೆ, ಇನ್ನೇನು ಆಸೆ ಎಂದು ಕೇಳುತ್ತೇನೆ. ಒದ್ದೆ ಕೈಗವಸು ಕಳಚುತ್ತಾ ಹೇಳುತ್ತಾರೆ:

“ಅತ್ತೇನ ಒಂದ್ಸಲ ಇಲ್ಲಿಗೆ ಕರ್ಕೊಂಡು ಬರ್ಬೇಕು. ನಾನು ಗುಳ್ಳೆ ಕಾಯೋಳಲ್ಲ, ಒಡೆಯೋಳು ಅಂತ ಗೊತ್ತಾಗ್ಲಿ.”