ಸುಮ್ಮನಾಗದ ಕಾಗದ

ಶಾಪ ತಟ್ಟುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಅವರ ಎದುರಿಗೇ ನಗುತ್ತಿದ್ದೆ. ಭೌತಶಾಸ್ತ್ರ ಓದಿದವಳು ನಾನು. ಇದನ್ನು ಓದಿ ನೀವು ನಕ್ಕರೂ ನನ್ನ ತಕರಾರಿಲ್ಲ.

ಆಗ ಔರಾದದಿಂದ ದಿನಾ ಬಸ್ಸಿನಲ್ಲಿ ಬೀದರಿನ ಕಾಲೇಜಿಗೆ ಬಂದು ಸಂಶೋಧನೆ ಮಾಡುತ್ತಿದ್ದೆ. ಹಳೆಯ ಪೆಟ್ರೋಮ್ಯಾಕ್ಸ್ ದೀಪದೊಳಗೆ ಉರಿಯುವ ಬಟ್ಟೆಯ ಜಾಲರಿ, ಮ್ಯಾಂಟಲ್‌ನಿಂದ ಸಣ್ಣಗೆ ವಿಕಿರಣ ಸೂಸುವ ಅನಿಲ ಹೊರಡುತ್ತದೆ. ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಹೊಗೆಯೊಂದಿಗೆ ಬೆರೆಸಿ, ಆ ಗಾಳಿಯನ್ನು ಸೋಸುಕಾಗದದ ಮೂಲಕ ಎಳೆಯಬೇಕು. ಯಾವ ಹೊಗೆಗೆ ಎಷ್ಟು ವಿಕಿರಣ ಅಂಟಿತು ಎಂಬುದನ್ನು ಎಣಿಸುವ ಯಂತ್ರ, ಕೌಂಟರ್, ಟಿಕ್ ಟಿಕ್ ಎಂದು ಹೇಳುತ್ತದೆ. ಆ ವಿಕಿರಣಕ್ಕೆ ಆಯುಷ್ಯ ಕಡಿಮೆ. ನಾಲ್ಕಾರು ದಿನದಲ್ಲಿ ಕಾಗದ ಸುಮ್ಮನಾಗುತ್ತದೆ. ಸೆಗಣಿ ಕುಳ್ಳಿನ ಹೊಗೆ, ಡೀಸೆಲ್ ಹೊಗೆ, ಮಳೆಗಾಲದ ತೇವದ ಗಾಳಿ, ಎಲ್ಲವನ್ನೂ ವರ್ಷಗಟ್ಟಲೆ ಅಳೆದವಳು ನಾನೇ.

ಸಂಶೋಧನಾ ಪತ್ರಿಕೆಯಲ್ಲಿ ಪ್ರಬಂಧ ಅಚ್ಚಾದಾಗ ಅದರಲ್ಲಿ ನನ್ನ ಹೆಸರಿರಲಿಲ್ಲ. ನನ್ನ ಗೈಡ್, ಭಾಲ್ಕಿ ಕಡೆಯ ಸರ್, ತಮ್ಮ ಅಳಿಯನ ಹೆಸರು ಹಾಕಿಬಿಟ್ಟಿದ್ದರು. ಕೇಳಿದರೆ, "ನಿನಗ್ಯಾಕ ಬೇಕವಾ ಹೆಸರು? ನಾಳಿ ಮದಿವಿ ಆಗಿ ಹೋಗ್ತಿ" ಎಂದರು. ನನ್ನ ಕೊನೆಯ ಸೋಸುಕಾಗದ ಅವರ ಮೇಜಿನ ಮೇಲೆ ಕೌಂಟರಿನಡಿ ಇತ್ತು. ಅದರ ಕಡೆ ಕೈ ಮಾಡಿ, "ನೀವು ಸುಳ್ಳ ಹೇಳೀರಿ ಅಂತ ಎಲ್ಲಾರ ಮುಂದ ಒಪ್ಪೋತನಕ ಇದು ಸುಮ್ಮ ಆಗಬಾರದು ನೋಡ್ರಿ ಸರ್" ಎಂದು ಹೇಳಿ ಬಂದೆ.

ತಿಂಗಳು ಕಳೆದರೂ ಅದು ಟಿಕ್ ಟಿಕ್ ಎನ್ನುತ್ತಲೇ ಇತ್ತು. ಸರ್ ಮೇಜು ತೊಳೆಸಿದರು, ಕೌಂಟರ್ ಬದಲಿಸಿದರು, ನನ್ನ ಮೇಲೆ ಅನುಮಾನಪಟ್ಟು ಕೋಣೆಗೆ ಬೀಗ ಜಡಿದರು. ಉಳಿದ ಕಾಗದಗಳೆಲ್ಲ ಲೆಕ್ಕದ ಪ್ರಕಾರವೇ ಸುಮ್ಮನಾದವು, ಅದೊಂದು ಆಗಲಿಲ್ಲ. ಸುಳ್ಳು ಯಾಕೆ ಹೇಳಲಿ, ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ನರ್ಸ್ ಆಗಿದ್ದ ನಮ್ಮವ್ವ ಮಾತ್ರ ಚರ್ಚಿನಿಂದ ಬರುತ್ತ, "ಕ್ಷಮಿಸಿಬಿಡವಾ. ಸಿಟ್ಟು ಹೊಟ್ಟ್ಯಾಗ ಇಟ್ಕೊಂಡ್ರ ನಿನಗೇ ಸುಡ್ತದ" ಎಂದಳು.

"ಮೊದಲ ಅವರು ಒಪ್ಪಲಿ. ಆಮ್ಯಾಲ ನೋಡ್ತೇನಿ" ಎಂದೆ.

ಕೊನೆಗೆ ಒಂದು ಮಧ್ಯಾಹ್ನ ಸರ್ ಇಡೀ ವಿಭಾಗದವರನ್ನು ತಮ್ಮ ಕೋಣೆಗೆ ಕರೆಸಿದರು. ಮುಖ ಬಿಳಿಚಿಕೊಂಡಿತ್ತು. "ಕೆಲಸ ಎಲ್ಲಾ ಈಕಿದೇ ಅದ್ರಿ. ನಾ ತಪ್ಪು ಮಾಡೇನಿ. ಹೆಸರು ಹಾಕ್ರಿ ಅಂತ ಪತ್ರಿಕಿಗಿ ಬರದೇನಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಇನ್ನಾರ ಅದಕ್ಕ ಸುಮ್ಮ ಆಗು ಅಂತ ಹೇಳವಾ" ಎಂದರು.

ಎಲ್ಲರೂ ಕಾಗದದ ಕಡೆ ನೋಡಿದೆವು. ಟಿಕ್, ಟಿಕ್.

ಮುಂದೆ ನನ್ನ ಹೆಸರು ಅಚ್ಚಾಯಿತು, ಪದವಿಯೂ ಬಂತು. ನಿವೃತ್ತರಾಗುವ ದಿನ ಸರ್ ಆ ಕಾಗದವನ್ನು ಡಬ್ಬಿಯಲ್ಲಿಟ್ಟು ನನ್ನ ಕೈಗೇ ಕೊಟ್ಟು ಹೋದರು. ಈಗ ಅದೇ ವಿಭಾಗದಲ್ಲಿ ಪಾಠ ಮಾಡುತ್ತೇನೆ. ಇದು ಹೇಗೆಂದು ತಿಳಿದವರನ್ನೆಲ್ಲ ಕೇಳಿದೆ, ಯಾರ ಉತ್ತರವೂ ಹೊಂದಲಿಲ್ಲ. ಅವ್ವನ ಮಾತು ನೆನಪಾದಾಗಲೆಲ್ಲ ಕಾಗದವನ್ನು ತೆಗೆದು ಕೌಂಟರಿನಡಿ ಇಡುತ್ತೇನೆ. ಅದು ಸುಮ್ಮನಾಗಿಲ್ಲ. ನಾನಿನ್ನೂ ಅವರನ್ನು ಕ್ಷಮಿಸಿಲ್ಲ.