ಹೆಗಲೇರಿ ಜೋಡಿ ಕಟ್ಟುವ ಬಯ್ಯಪ್ಪ

"ಇವತ್ತು ಯಾವ ಭುಜ ಸುಳ್ಳು ಹೇಳ್ತಾ ಐತೆ?"

ಪ್ರಶ್ನೆ ಯಾರನ್ನೂ ಕೇಳಿದ್ದಲ್ಲ. ಶಿಡ್ಲಘಟ್ಟದ ಗರಡಿಯೊಳಗೆ ಇನ್ನೂ ಬೆಳಕು ಹರಿದಿಲ್ಲ. ಗೂಡಿನಲ್ಲಿರುವ ಆಂಜನೇಯನ ಮುಂದೆ ದೀಪವೊಂದು ಉರಿಯುತ್ತಿದೆ. ಐವತ್ತಾರು ವರ್ಷದ ಬಯ್ಯಪ್ಪ ಒಬ್ಬ ಪೈಲ್ವಾನನ ಹೆಗಲ ಮೇಲೆ ಕಾಲು ಇಳಿಬಿಟ್ಟು, ಕಣ್ಣು ಮುಚ್ಚಿ ಕುಳಿತಿದ್ದಾರೆ. ಹೊತ್ತವನು ನಂದಿಯ ಚನ್ನಕೇಶವ, ಇಪ್ಪತ್ತೆರಡರ ಪ್ರಾಯ. ಕೆಮ್ಮಣ್ಣಿನ ಅಖಾಡಕ್ಕೆ ಮೂರು ಸುತ್ತು ಬರುವವರೆಗೆ ಅವನು ಬಾಯಿ ಬಿಡುವಂತಿಲ್ಲ. ಎರಡನೆಯ ಸುತ್ತಿನಲ್ಲಿ ಬಯ್ಯಪ್ಪನವರ ಹುಬ್ಬು ಗಂಟಿಕ್ಕುತ್ತದೆ. ಇಳಿದ ಮೇಲೆ ಅವನ ಎಡಭುಜವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಕೈ ತೊಳೆಯಲು ಹೋಗುತ್ತಾರೆ.

ಬಯ್ಯಪ್ಪ ಪೈಲ್ವಾನರಲ್ಲ. ಅಖಾಡಕ್ಕಿಳಿದು ಮೈಗೆ ಮಣ್ಣು ಹತ್ತಿಸಿಕೊಂಡವರಲ್ಲ. ಅವರದು ಜೋಡಿ ಕಟ್ಟುವ ಕೆಲಸ. ಯಾರಿಗೆ ಯಾರು ಸಮ ಎಂದು ಗೊತ್ತುಮಾಡುವುದು, ಕುಸ್ತಿ ನಡೆಸುವ ಊರಿನವರೊಡನೆ ಮಾತಾಡುವುದು, ತನ್ನ ಕಡೆಯವನಿಗೆ ಊಟ, ಹಾಸಿಗೆ ಸಿಗುವಂತೆ ನೋಡಿಕೊಳ್ಳುವುದು, ಅಖಾಡದ ಮಣ್ಣನ್ನು ಕೈಯಾಡಿಸಿ ಕಲ್ಲು ಹೆಕ್ಕುವುದು, ಸೋತವನ ಪಕ್ಕದಲ್ಲಿ ಬಸ್ಸಿನಲ್ಲಿ ಕುಳಿತು ಬರುವುದು. ಗೆದ್ದವನ ಹೆಸರನ್ನು ಜನ ಕೂಗುತ್ತಾರೆ. ಜೋಡಿ ಕಟ್ಟಿದವರ ಹೆಸರು ಯಾರ ನಾಲಿಗೆಗೂ ಬರುವುದಿಲ್ಲ.

"ಕರ್ಕೊಂಡೋದೋನ್ನ ಅವರಮ್ಮನ ಮುಂದೆ ತಂದು ನಿಲ್ಲಿಸ್ಬೇಕು. ನನ್ನ ಕೆಲಸ ಅಷ್ಟೇ ಕಣಪ್ಪ," ಎನ್ನುತ್ತಾರೆ.

ಸುಗ್ಗಿ ಮುಗಿದಲ್ಲಿಂದ ಮಳೆ ಹಿಡಿಯುವವರೆಗೆ ನಲವತ್ತು ಜೋಡಿ. ಅಂದರೆ ಬಯ್ಯಪ್ಪ ಹತ್ತಿ ನೋಡಬೇಕಾದ ಎಂಬತ್ತು ಜನರ ಹೆಗಲು. ಶಿಡ್ಲಘಟ್ಟ, ಚಿಂತಾಮಣಿ, ಚಿಕ್ಕಬಳ್ಳಾಪುರ, ಗೌರಿಬಿದನೂರು, ಹೀಗೆ ನಾಲ್ಕು ತಾಲ್ಲೂಕು. ಬಸ್ಸಿಲ್ಲದ ಕಡೆ ದಿನಕ್ಕೆ ಹತ್ತು ಹನ್ನೆರಡು ಮೈಲಿ ನಡಿಗೆ. ಕಣ್ಣಿಗೆ ಗಟ್ಟಿಯಾಗಿ ಕಂಡವನ ಉಸಿರು ಹೊರೆ ಬಿದ್ದಾಗ ಹೇಗಿದೆ, ಯಾವ ಭುಜ ಹೆದರಿ ತಗ್ಗುತ್ತದೆ ಎಂಬುದು ಮೇಲೆ ಕುಳಿತವರ ತೊಡೆಗೆ ತಿಳಿಯುತ್ತದಂತೆ.

ಹೆಂಡತಿ ಆದಿಲಕ್ಷ್ಮಮ್ಮನ ಲೆಕ್ಕವೇ ಬೇರೆ. "ಮದುವೇಲಿ ನಮ್ಮಪ್ಪ ಕುದುರೆ ತರಿಸ್ಲಿಲ್ಲ ಅಂತ ಮುನಿಸ್ಕೊಂಡಿದ್ರು. ಆವತ್ತಿನ ಆಸೇನ ಮಂದಿ ಮೇಲೆ ಹತ್ತಿ ತೀರಿಸ್ಕೊತವ್ರೆ!"

ಬಯ್ಯಪ್ಪ ನಗುತ್ತಾರೆ. ನಗು ಬಹಳ ಹೊತ್ತು ನಿಲ್ಲುವುದಿಲ್ಲ.

ಹನ್ನೊಂದು ವರ್ಷದ ಹಿಂದೆ, ೧೯೫೨ನೇ ಇಸವಿಯಲ್ಲಿ, ಒಂದೇ ಒಂದು ಸಲ ಅವರು ಹೆಗಲೇರಲಿಲ್ಲ. ಮೈಯಲ್ಲಿ ಚಳಿಜ್ವರವಿತ್ತು. ಜಂಗಮಕೋಟೆಯ ಆವಲಪ್ಪ ಎದೆಯುಬ್ಬಿಸಿ ಮುಂದೆ ನಿಂತಿದ್ದ. ಬರೀ ಕಣ್ಣಲ್ಲಿ ನೋಡಿಯೇ ಜೋಡಿಗೆ ಮಾತು ಕೊಟ್ಟರು. ಅದಕ್ಕೆ ನಾಲ್ಕು ದಿನ ಮೊದಲು ಕಪಿಲೆ ಬಾವಿಯಲ್ಲಿ ನೀರೆತ್ತುವಾಗ ಬಲಭುಜದ ಕೀಲು ತಪ್ಪಿ ಮತ್ತೆ ಕೂತಿದ್ದನ್ನು ಆವಲಪ್ಪ ಬಚ್ಚಿಟ್ಟಿದ್ದ. ಅಖಾಡದಲ್ಲಿ ಎದುರಾಳಿ ಆ ಕೈಯನ್ನೇ ಹಿಡಿದು ತಿರುಗಿಸಿದ. ಆ ಬಲಗೈ ಇವತ್ತಿಗೂ ಎದೆಯಿಂದ ಮೇಲಕ್ಕೆ ಏಳುವುದಿಲ್ಲ. ರೇಷ್ಮೆ ಹುಳುವಿಗೆ ಆವಲಪ್ಪ ಎಡಗೈಯಲ್ಲೇ ಸೊಪ್ಪು ಹಾಕುತ್ತಾನೆ. ಸೊಪ್ಪು ಹೆಚ್ಚಿಕೊಡಲು ಬಯ್ಯಪ್ಪ ವಾರಕ್ಕೆರಡು ದಿನ ಹೋಗುತ್ತಾರೆ. ಇಬ್ಬರ ನಡುವೆ ಮಾತು ಕಡಿಮೆ.

"ಅವನು ಬಚ್ಚಿಟ್ಟ ಅಂತಾರೆ ಎಲ್ಲಾರೂ. ಪೈಲ್ವಾನ ಬಚ್ಚಿಟ್ಟೇ ಇಡ್ತಾನೆ, ಸ್ವಾಮಿ. ಹುಡುಕೋಕಲ್ವಾ ನಾನಿರೋದು?"

ಈ ಮಾತು ಮುಗಿಯುವಷ್ಟರಲ್ಲಿ ಗರಡಿಯ ಬಾಗಿಲಲ್ಲಿ ಕೊಡೆ ಊರಿದ ಸದ್ದು. ಗೌರಿಬಿದನೂರಿನಲ್ಲಿ ಕುಸ್ತಿ ನಡೆಸುವ ಹಿರಿಯ ನರಸಿಂಹಪ್ಪ. ಬರುವ ಭಾನುವಾರದ ದೊಡ್ಡ ಜೋಡಿಗೆ ಚನ್ನಕೇಶವನ ಹೆಸರು ಆಗಲೇ ಗೋಡೆಗೋಡೆಗೆ ಹತ್ತಿದೆ. ಬಯ್ಯಪ್ಪ ಅಖಾಡದಲ್ಲಿ ನಿಂತು ಇಬ್ಬರ ಕೈ ಸೇರಿಸಿದರೆ ಮಾತ್ರ ಜೋಡಿ ಕಟ್ಟಿದಂತೆ. ಇದು ಈ ಸೀಮೆಯ ಕಟ್ಟುಪಾಡು. ಗೆದ್ದವನಿಗೆ ಮೈಸೂರಿನ ದಸರೆಯಿಂದ ಕರೆ ಬರಬಹುದೆಂಬ ಮಾತೂ ಇದೆ.

"ಏಮಯ್ಯಾ ಬಯ್ಯಪ್ಪ, ಹುಡುಗ ಹುಲಿ ಇದ್ದಂಗವ್ನೆ. ಭಾನುವಾರ ಬೆಳಿಗ್ಗೇನೇ ಬಂದ್ಬಿಡು."

"ಎಡಭುಜ ತಗ್ತದೆ, ನರಸಿಂಹಪ್ಪನೋರೇ."

"ತಗ್ಗೋದು ಹೆಂಗಸರ ತಲೆ ಕಣಯ್ಯ, ಪೈಲ್ವಾನನ ಭುಜ ಅಲ್ಲ!" ಎಂದು ನಕ್ಕ ನರಸಿಂಹಪ್ಪ, ಬಯ್ಯಪ್ಪ ನಗದಿರುವುದನ್ನು ಕಂಡು ದನಿ ಬದಲಿಸುತ್ತಾರೆ. "ನೋಡು, ಜನಕ್ಕೆ ಹೇಳಾಗೋಗೈತೆ. ಈಗ ನೀನು ಕೈಬಿಟ್ರೆ ಮುಂದಿನ ವರ್ಷದಿಂದ ನಮ್ಮೂರಿಗೆ ಬರಬೇಕಾಗಿಲ್ಲ. ಚಿಂತಾಮಣಿಯೋರೂ ನನ್ನ ಮಾತು ಕೇಳ್ತಾರೆ."

ನಾಲ್ಕು ತಾಲ್ಲೂಕಿನಲ್ಲಿ ಎರಡು ಹೋದರೆ ಉಳಿಯುವುದೇನು ಎಂಬುದು ಬಯ್ಯಪ್ಪನವರಿಗೆ ಗೊತ್ತು. ಅವರು ಹೆಗಲ ಮೇಲಿನ ವಸ್ತ್ರವನ್ನು ತೆಗೆದು ಕೊಡವಿ, ಮತ್ತೆ ಹಾಕಿಕೊಳ್ಳುತ್ತಾರೆ.

ಮೂಲೆಯಲ್ಲಿದ್ದ ಚನ್ನಕೇಶವ ತಡೆಯಲಾರದೆ ಬಂದು ಅವರ ಮುಂದೆ ಮಂಡಿಯೂರಿ, ಬೆನ್ನು ತಗ್ಗಿಸಿ ಹೆಗಲು ಒಡ್ಡುತ್ತಾನೆ. ಎಡಭುಜ ಸಣ್ಣಗೆ ನಡುಗುತ್ತಿದೆ.

"ಬಯ್ಯಪ್ಪಣ್ಣ, ನಿಮ್ಮ ಕಾಲಿಗೆ ಬೀಳ್ತೀನಿ. ಇನ್ನೊಂದೇ ಸಲ ಹತ್ತಿ ನೋಡಿ. ಈ ಸಲ ತಗ್ಗಲ್ಲ. ಅಮ್ಮಾಣೆ ತಗ್ಗಲ್ಲ."

ಬಯ್ಯಪ್ಪ ಅವನ ರಟ್ಟೆ ಹಿಡಿದು ಎಬ್ಬಿಸುತ್ತಾರೆ. ಬಲಗಡೆಯ ರಟ್ಟೆ.

"ಹತ್ತಲ್ಲಪ್ಪ. ಜೋಡಿನೂ ಕಟ್ಟಲ್ಲ."